ಮುದ್ದೆಯ ಜೊತೆ ಮಾತ್ರೆ

ಗಂಟಲಿನಿಂದ ಕೆಳಗಿಳಿದ ಮದ್ದು ವೈದ್ಯರ ಅಪ್ಪಣೆಯಂತೆ ನೆಟ್ಟಗೆ ರೋಗವಿರುವ ಕಡೆಗೆ ಹೋಗುತ್ತದೆಂದು ನಾವೆಲ್ಲ ನಂಬಿದ್ದೇವೆ. ಹೊಟ್ಟೆಯಲ್ಲಿ ಅದಕ್ಕಿಂತ ಮೊದಲೇ ಬಂದು ಕುಳಿತ ಅತಿಥಿಗಳುಂಟೆಂಬುದು ನೆನಪಾಗುವುದಿಲ್ಲ.

ನಮ್ಮ ಬಂಧುಬಳಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಹರಡಿದೆ. ಯಾರ ಮನೆಗೆ ಹೋದರೂ ರಾಗಿಮುದ್ದೆ, ಸೊಪ್ಪಿನ ಸಾರು. ಮಧುಗಿರಿಯ ಅಕ್ಕನ ಮಗಳು ಗರ್ಭಿಣಿಯಾದಾಗ ರಕ್ತಹೀನತೆ ಕಂಡುಬಂತು. ಗರ್ಭಿಣಿಯರ ರಕ್ತದಲ್ಲಿ ಹಿಮೋಗ್ಲೋಬಿನ್ ನೂರು ಮಿಲಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಿದ್ದರೆ ಹಾಗೆನ್ನುತ್ತಾರೆ. ಸರ್ಕಾರ ಕೊಡುವ ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹುಡುಗಿ ಒಂದು ದಿನವೂ ತಪ್ಪಿಸಲಿಲ್ಲ; ಆದರೂ ಎರಡು ತಿಂಗಳಲ್ಲಿ ರಕ್ತ ಏರಲಿಲ್ಲ. ಹೆರಿಗೆಯ ದಿನ ಹತ್ತಿರವಾದಂತೆ ಅಕ್ಕನ ಮುಖ ಬಾಡತೊಡಗಿತು.

“ಮುದ್ದೆ ಉಂಡು ಮಾತ್ರೆ ನುಂಗಮ್ಮ, ಬರಿ ಹೊಟ್ಟೆಗೆ ಸಂಕಟ ಆಗುತ್ತೆ” ಎಂದಿದ್ದರು ಅತ್ತೆ. ಅನುಭವದ ಮಾತು, ಬರಿಹೊಟ್ಟೆಯಲ್ಲಿ ಕಬ್ಬಿಣದ ಮಾತ್ರೆ ಓಕರಿಕೆ ತರುವುದು ನಿಜವೇ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅದರೊಡನೆ ಫೈಟೇಟ್, ಟ್ಯಾನಿನ್ ಎಂಬ ವಸ್ತುಗಳೂ ಇದ್ದು, ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟು ಅದರ ಬಹುಭಾಗವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಮರೆತೀತೆಂದು ಅದೇ ಗುಟುಕಿಗೆ ಸುಣ್ಣದ ಮಾತ್ರೆ. ಅದರ ಬೆನ್ನಿಗೇ ಒಂದು ಲೋಟ ಟೀ! ಪಾಪ, ಕಬ್ಬಿಣಕ್ಕೆ ದಾರಿಯೆಲ್ಲಿ?

ವೈದ್ಯೆ ಮದ್ದನ್ನು ಬದಲಿಸಲಿಲ್ಲ, ಹೊತ್ತನ್ನು ಬದಲಿಸಿದರು. ಸುಣ್ಣದ ಮಾತ್ರೆ ಊಟದ ಜೊತೆಗೆ. ಕಬ್ಬಿಣದ್ದು ರಾತ್ರಿ, ಊಟವಾಗಿ ಎರಡು ಗಂಟೆಯ ಮೇಲೆ, ನಿಂಬೆಯ ಪಾನಕದೊಡನೆ. ನಿಂಬೆಯ ಸಿ ಜೀವಸತ್ವ ಕಬ್ಬಿಣಕ್ಕೆ ಒಳ್ಳೆಯ ಸಂಗಾತಿ. “ಹಾಗಾದರೆ ಮುದ್ದೆಯನ್ನೇ ಬಿಡಿಸಿಬಿಡೋಣವೇ ಡಾಕ್ಟ್ರಮ್ಮ?” ಎಂದ ಅತ್ತೆಗೆ ಆಕೆ ನಕ್ಕು, ರಾಗಿಯನ್ನು ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ತಗ್ಗುತ್ತದೆಂದು ತಿಳಿಸಿದರು. ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿತ್ತು.

ಅಂದಿನಿಂದ ನೆಂಟರ ಮನೆಗಳಲ್ಲಿ ಮಾತ್ರೆಯ ಹೊತ್ತನ್ನು ವಿಚಾರಿಸುವ ಚಟ ನನಗಂಟಿದೆ. ಕೊರಟಗೆರೆಯ ಚಿಕ್ಕಮ್ಮ ಥೈರಾಯಿಡ್ ಮಾತ್ರೆಯನ್ನು ಬೆಳಗಿನ ಕಾಫಿಯಲ್ಲೇ ನುಂಗುತ್ತಿದ್ದರು. ಅದಕ್ಕೆ ಬರಿಹೊಟ್ಟೆ, ಬರಿನೀರು ಬೇಕು. ಕಾಫಿ ಅರ್ಧ ಗಂಟೆಯಾದರೂ ಕಾಯಬೇಕು. ಪಾವಗಡದ ಭಾವನವರದು ಬೇರೆ ಕಥೆ. ಹೃದಯದ ಕವಾಟ ಬದಲಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ನುಂಗುವವರು ಅವರು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಮದ್ದಿಗೆ ಎದುರಾಳಿಯೆಂದು ಯಾರೋ ಹೇಳಿದ್ದೇ ತಡ, ತಿಂಗಳುಗಟ್ಟಲೆ ಸೊಪ್ಪನ್ನೇ ಮುಟ್ಟಲಿಲ್ಲ. ಬಳಿಕ ಹಬ್ಬಕ್ಕೆ ಮಗಳ ಮನೆಯಲ್ಲಿ ಮೂರು ದಿನ ಬಸ್ಸಾರು! ಪರೀಕ್ಷೆಯ ಅಂಕಿಗಳು ಉಯ್ಯಾಲೆಯಾಡಿದವು. ಈಗ ಅವರ ಮನೆಯಲ್ಲಿ ಸೊಪ್ಪು ದಿನಕ್ಕೆ ಅಳತೆಯ ಒಂದೇ ಬಟ್ಟಲು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ವೈದ್ಯರು ಮೊದಲು ಕೇಳುವುದೂ ಆ ಬಟ್ಟಲನ್ನೇ.