ಅಳಿಸಿದ್ದು ಸಿಂಕ್ ಆಗಲ್ಲ

ಭಾನುವಾರ ಊರಿಗೆ ಫೋನ್ ಮಾಡಿದರೆ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಂತ ವಿಶೇಷ ಅಮ್ಮಾ?" ಪಂಪ್‌ಸೆಟ್ ರಿಪೇರಿ ಆಯ್ತು, ಪಕ್ಕದ ಮನೆ ಹುಡುಗಿಗೆ ಸಂಬಂಧ ಕೂಡಿಬಂತು ಅಂತ ಅಮ್ಮ ಹೇಳ್ತಾಳೆ. ಹೋದ ವಾರ ಹೇಳಿದ್ದನ್ನ ಮತ್ತೆ ಹೇಳಲ್ಲ. ಹತ್ತು ನಿಮಿಷದಲ್ಲಿ ಮಾತು ಮುಗಿಯುತ್ತೆ.

ಆಫೀಸಿನಲ್ಲಿ ನನ್ನ ಕೆಲಸವೂ ಇದೇ. ಇನ್ಕ್ರಿಮೆಂಟಲ್ ಸಿಂಕ್ ಅಂತಾರೆ. ಒಂದು ಸಿಸ್ಟಮ್‌ನಲ್ಲಿ ಲಕ್ಷಾಂತರ ಗ್ರಾಹಕರ ದಾಖಲೆ, ಇನ್ನೊಂದರಲ್ಲಿ ಅದರ ನಕಲು. ಪ್ರತಿಸಲ ಅಷ್ಟನ್ನೂ ಹೊತ್ತು ತರೋದು ದಂಡ. ಹಾಗಾಗಿ ಪ್ರತಿ ದಾಖಲೆಯ ಜೊತೆ ಅದು ಕೊನೆಗೆ ಬದಲಾದ ಸಮಯ ಇರುತ್ತೆ. 15 ನಿಮಿಷಕ್ಕೊಮ್ಮೆ ನಮ್ಮ ಪ್ರೋಗ್ರಾಂ ಹೋಗಿ, "ಹೋದ ಸಲ ನಾನು ಬಂದುಹೋದ ಮೇಲೆ ಬದಲಾಗಿದ್ದು ಕೊಡು" ಅಂತ ಕೇಳುತ್ತೆ. ಐಡಿ ಹಳೇದಾದರೆ ತಿದ್ದುತ್ತೆ, ಹೊಸದಾದರೆ ಸೇರಿಸುತ್ತೆ. ಎಲ್ಲ ಬರೆದಾದ ಮೇಲಷ್ಟೇ ಸಮಯದ ಗುರುತನ್ನ ಮುಂದೆ ಸರಿಸಬೇಕು. ಮಧ್ಯದಲ್ಲಿ ಕೈಕೊಟ್ಟರೆ ಹಳೇ ಗುರುತಿನಿಂದಲೇ ಮತ್ತೆ ಶುರು.

ಚೆನ್ನಾಗೇ ಓಡುತ್ತಿತ್ತು. ಒಂದು ದಿನ ಗ್ರಾಹಕರೊಬ್ಬರ ಮನೆಯಿಂದ ದೂರು ಬಂತು. ಯಜಮಾನರು ತೀರಿಕೊಂಡು 4 ತಿಂಗಳಾಯ್ತು, ಖಾತೆಯನ್ನೂ ತೆಗೆಸಿದೀವಿ, ಆದರೂ ಅವರ ಹೆಸರಿಗೆ ದುಡ್ಡು ಕಟ್ಟಿ ಅಂತ ಮೆಸೇಜ್ ಬರ್ತಿದೆ! ನೋಡಿದರೆ ತಪ್ಪು ನನ್ನದೇ. ಮೂಲದಲ್ಲಿ ಆ ದಾಖಲೆಯನ್ನ ಅಳಿಸಿಬಿಟ್ಟಿದ್ದರು. ಅಳಿಸಿದ ಸಾಲಿಗೆ ಬದಲಾದ ಸಮಯ ಎಲ್ಲಿಂದ ಬರಬೇಕು? ಸಾಲೇ ಇಲ್ಲವಲ್ಲ. "ಏನು ಬದಲಾಗಿದೆ" ಅಂತ ಕೇಳಿದರೆ, ಇಲ್ಲವಾದದ್ದು ಎದ್ದು ಬಂದು ಉತ್ತರ ಕೊಡಲ್ಲ.

ಪರಿಹಾರ ಎರಡು. ಒಂದು, ಅಳಿಸೋ ಬದಲು "ಇದು ಹೋಗಿದೆ" ಅಂತ ಗುರುತು ನೆಡೋದು. ಇದಕ್ಕೆ ಟೂಂಬ್‌ಸ್ಟೋನ್ ಅಂತಲೇ ಹೆಸರು, ಗೋರಿಕಲ್ಲು. ಕಸ್ಸಾಂಡ್ರಾ ಡೇಟಾಬೇಸ್ ಡೀಫಾಲ್ಟ್ ಆಗಿ ಆ ಕಲ್ಲನ್ನ 10 ದಿನ ಇಟ್ಟುಕೊಳ್ಳುತ್ತೆ, ನಮ್ಮ ಸೂತಕದ ಲೆಕ್ಕ! ಅಷ್ಟರೊಳಗೆ ಸುದ್ದಿ ಎಲ್ಲ ಕಡೆ ಮುಟ್ಟದಿದ್ದರೆ ಅಳಿಸಿದ್ದು ಮತ್ತೆ ಎದ್ದು ಬರಬಹುದು. ಎರಡನೇದು, ಆಗಾಗ ಎರಡೂ ಕಡೆಯ ಐಡಿಗಳನ್ನ ಒಂದೊಂದಾಗಿ ತಾಳೆ ನೋಡೋದು.

ಇದನ್ನೆಲ್ಲ ಸರಿಮಾಡಿ ದೀಪಾವಳಿಗೆ ಊರಿಗೆ ಹೋದೆ. ಗೋಪೂಜೆಗೆ ಹಾರ ಹಿಡಿದು ಕೊಟ್ಟಿಗೆಗೆ ಹೋದರೆ ಗೌರಿ ಇಲ್ಲ. ನಾನು ಬಿಇ ಓದೋವಾಗ ಅವಳ ಹಾಲು ಡೈರಿಗೆ ಹಾಕಿಯೇ ಅಮ್ಮ ನನ್ನ ಮೆಸ್ ಬಿಲ್ ಕಟ್ಟಿದ್ದು. ಶ್ರಾವಣದಲ್ಲೇ ಹೋಗಿದ್ದಳಂತೆ.

"ಯಾಕಮ್ಮಾ ಹೇಳಲಿಲ್ಲ?"

"ನೀನು ಕೇಳೋದು ವಿಶೇಷ. ದನ ಸತ್ತಿದ್ದು ಎಂತ ವಿಶೇಷ ಮಾರಾಯ?"

ಈಗ ಭಾನುವಾರ ಹೆಸರು ಹಿಡಿದೇ ಕೇಳ್ತೀನಿ. ಕರು ಹೇಗಿದೆ? ಹಿತ್ತಲ ಹಲಸಿನ ಮರ ಇದ್ಯಾ? ದೊಡ್ಡಮ್ಮನ ಕಣ್ಣು? ನಿನ್ನ ಮಂಡಿನೋವು? "ಎಂತದು, ಶಾಲೆ ಹಾಜರಿನಾ?" ಅಂತ ಅಮ್ಮ ನಗ್ತಾಳೆ.

ಹೋದ ವಾರ "ಅಪ್ಪ?" ಅಂದಾಗ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗೀಗ ಮರೆವು ಜಾಸ್ತಿ ಕಣಾ. ಮೊನ್ನೆ ತೋಟದಿಂದ ಮನೆ ದಾರಿ ತಪ್ಪಿತ್ತು" ಅಂದಳು.

ಈ ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿದೀನಿ.