ಪಂಚಾಂಗದ ಕಸುಬು

ಹವ್ಯಾಸಿ ಪತ್ರಕರ್ತನ ಮನೆಗೆ ಹಬ್ಬಗಳು ಎರಡು ತಿಂಗಳು ಮೊದಲೇ ಬಂದು ಕೂರುತ್ತವೆ. ಅಂಧೇರಿಯ ಮೇ ಸೆಕೆಯಲ್ಲಿ ಫ್ಯಾನಿನಡಿ ಬೆವರುತ್ತ ನಾನು ಮುಂಗಾರು ಮಳೆ ಬರೆಯುತ್ತಿರುತ್ತೇನೆ. ಹೊರಗೆ ಧೋ ಎಂದು ಸುರಿಯುವಾಗ ದೀಪಾವಳಿಯ ಹಣತೆ ಹಚ್ಚುತ್ತಿರುತ್ತೇನೆ. ವಿಶೇಷಾಂಕದವರಿಗೆ ಲೇಖನ ಆಷಾಢದಲ್ಲೇ ಬೇಕು. 1909ರಲ್ಲಿ ‘ಮನೋರಂಜನ’ದ ಮೂಲಕ ಮರಾಠಿಯಲ್ಲಿ ದೀಪಾವಳಿ ಅಂಕದ ರೂಢಿ ಹಾಕಿದ ಕಾಶಿನಾಥ ರಘುನಾಥ ಮಿತ್ರರನ್ನು ಮಳೆಗಾಲದಲ್ಲಿ ನಾನು ಕೃತಜ್ಞತೆಯಿಂದ ನೆನೆಯುವುದುಂಟು. ಆ ಗಾಳಿ ಬೀಸದಿದ್ದರೆ ನಮ್ಮಂಥವರ ಜುಲೈ ಬಾಡಿಗೆ ಕಷ್ಟವಿತ್ತು.

ವಿಷಯ ಹೇಳಿದೊಡನೆ ಸಂಪಾದಕರದು ಒಂದೇ ಪ್ರಶ್ನೆ: “ಅದೆಲ್ಲ ಸರಿ ಮಾರಾಯ್ರೆ, ಈಗ ಯಾಕೆ?”

ಅಂಧೇರಿ ಇದಕ್ಕೆ ಪುಕ್ಕಟೆ ಉತ್ತರ ಒದಗಿಸುತ್ತದೆ, ಆದರೆ ಎಲ್ಲರಿಗೂ ಒದಗಿಸುತ್ತದೆ. ಮಳೆ ಹಿಡಿದರೆ ಸಬ್‌ವೇ ತುಂಬುತ್ತದೆ. ಮಧ್ಯಾಹ್ನದೊಳಗೆ ಅದರ ಫೋಟೊ ಮುಂಬಯಿಯ ಎಲ್ಲ ಫೋನುಗಳಲ್ಲೂ ಇರುತ್ತದೆ. 2018ರ ಜುಲೈ 3ರಂದು ಕಾಲುದಾರಿ ಕುಸಿದ ಗೋಖಲೆ ಸೇತುವೆಯನ್ನು ಆಮೇಲೆ ಕೆಡವಿ ಕಟ್ಟಿ, 2024ರ ಫೆಬ್ರವರಿಯಲ್ಲಿ ಒಂದು ಪಕ್ಕ ತೆರೆದರೆ, ಅದು ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೆ ಕೂಡಲೇ ಇಲ್ಲ! ಒಂದು ಮೇಲೆ, ಒಂದು ಕೆಳಗೆ. ಭಾನುವಾರದ ಪುರವಣಿ ಬರುವಷ್ಟರಲ್ಲಿ ಆ ನಗೆ ಹಳಸಿತ್ತು. ಸುದ್ದಿಯ ಬೆನ್ನು ಹತ್ತುವುದು ತಿಂಗಳ ಸಂಬಳದವರಿಗೆ ಸರಿ. ನನಗೆ ಪಂಚಾಂಗವೇ ಗತಿ.

ಅದರಲ್ಲೂ ಊರಿನ ಪಂಚಾಂಗ. ಮೇ ಕೊನೆಯ ಪತ್ತನಾಜೆಗೆ ಕರಾವಳಿಯ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಬಯಲಿನ ಆಟ ಇಲ್ಲಿ ಸಭಾಗೃಹ ಸೇರಿ, ರಾತ್ರಿಯಿಡೀ ಕುಣಿಯುವ ಪ್ರಸಂಗ ಕೊನೆಯ ಲೋಕಲ್ ಹೊರಡುವುದರೊಳಗೆ ಮಂಗಳ ಹಾಡಬೇಕು. ಸಬ್‌ವೇ ನೀರಿಗಿಂತ ಇದು ನನಗೆ ದೊಡ್ಡ ಮಳೆಗಾಲದ ಸುದ್ದಿ. ಭಾಗವತರು ಯಾವ ಪದ್ಯ ಬಿಡುತ್ತಾರೆ, ಬಿಟ್ಟದ್ದಕ್ಕೆ ಯಾರು ಮುನಿಯುತ್ತಾರೆ ಎಂದು ವಿಚಾರಿಸಿದರೇ ಎರಡು ಪುಟ. ಉಡುಪಿಯ ಪರ್ಯಾಯವೂ ಅಂಥದೇ ಆಸ್ತಿ: ಎರಡು ವರ್ಷಕ್ಕೊಮ್ಮೆ ಜನವರಿ 18, ತಪ್ಪುವಂತಿಲ್ಲ. ಅಂಧೇರಿಯಲ್ಲೇ ಅದಮಾರು ಮಠವಿದೆ. ಹೋಗಿ ಕೂತರೆ ಊಟದ ಪಂಕ್ತಿಯಲ್ಲೇ ಅರ್ಧ ಲೇಖನ ಸಿಗುತ್ತದೆ.

ನನ್ನ ಮೆಚ್ಚಿನದು ಮಾತ್ರ ಆಜಾದ್ ನಗರದ ‘ಅಂಧೇರಿಚಾ ರಾಜಾ’. 1966ರಲ್ಲಿ ಸುತ್ತಲಿನ ಕಾರ್ಖಾನೆಗಳ ಕಾರ್ಮಿಕರು ಕೂರಿಸತೊಡಗಿದ ಗಣಪತಿ. ಮುಂದೆ ಒಂದು ಕಾರ್ಖಾನೆಗೆ ಬೀಗ ಬಿದ್ದು, ಅದು ತೆರೆದರೆ ಸಂಕಷ್ಟಿಯಂದೇ ವಿಸರ್ಜಿಸುತ್ತೇವೆಂದು ಹರಕೆ ಹೊತ್ತರಂತೆ. ಅನಂತ ಚತುರ್ದಶಿಗೆ ಊರ ಗಣಪತಿಗಳೆಲ್ಲ ನೀರು ಸೇರಿದ ಮೇಲೂ ಈತ ಕೂತೇ ಇರುತ್ತಾನೆ. ಪಿತೃಪಕ್ಷದ ಸಂಕಷ್ಟಿಗೆ ವರ್ಸೋವಾ ಕಡಲಿಗೆ ಹೊರಡುತ್ತಾನೆ. ಗಡುವು ಮೀರುವ ಬರಹಗಾರರಿಗೆ ಇಂಥ ದೇವರು ಇನ್ನೆಲ್ಲಿ?

ಇದನ್ನು ಒಬ್ಬ ಸಂಪಾದಕರಿಗೆ ಜುಲೈಯಲ್ಲೇ ಬರೆದು ಕಳಿಸಿದೆ. ಸಂಜೆಗೇ ಫೋನು ಬಂತು. “ಚೆನ್ನಾಗಿದೆ. ಆದರೆ ಗಣಪತಿ ಪುಟ ಮೊನ್ನೆಯೇ ತುಂಬಿತು. ಪಿತೃಪಕ್ಷ ಅಂದಿರಲ್ಲ, ಗಣಪತಿಯನ್ನು ಸ್ವಲ್ಪ ಕಮ್ಮಿ ಮಾಡಿ ಅದನ್ನೇ ಬೆಳೆಸ್ತೀರಾ?”