ಅಂಚಿನ ಅಂಕಿಗಳು

ನಾರಾಯಣ ಪೇಠೆಯ ಆ ವಾಡೆಯ ಕಡೆಯ ದಿನದ ಒಂದು ಫೋಟೋ ಕೂಡ ಯಾರ ಬಳಿಯೂ ಇಲ್ಲ. ತೆಗೆಯಲು ಹೊರಟವರನ್ನು ತಡೆದವನು ನಾನು.

2019ರ ಏಪ್ರಿಲ್. ವಾಡೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದು ನಿಶ್ಚಯವಾಗಿತ್ತು. ಸಾಗವಾನಿ ಕಂಬ, ನಡುವೆ ಚೌಕ, ಚೌಕದಲ್ಲಿ ತುಳಸಿಕಟ್ಟೆ ಇರುವ ಇಂಥ ಮನೆಗಳು ಪುಣೆಯ ಪೇಠೆಗಳಲ್ಲಿ ಒಂದೊಂದಾಗಿ ಮಾಯವಾಗುತ್ತಿವೆ. ಇದರಲ್ಲಿ ನನ್ನ ಸೋದರತ್ತೆ 1968ರಿಂದ ಬಾಡಿಗೆಗಿದ್ದರು, ಧಾರವಾಡದಿಂದ ಮದುವೆಯಾಗಿ ಬಂದವರು. ಕೆಳಗಿನ ಒಂದು ಕಂಬದ ಮೇಲೆ ಮಾಲೀಕರು ಎಳೆದಿಟ್ಟ ಗೆರೆಯೊಂದಿತ್ತು. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದಾಗ ಮುಠಾ ನದಿಯ ನೀರು ಅಲ್ಲಿಯವರೆಗೆ ನಿಂತಿತ್ತು. ಹೋದವರಿಗೆಲ್ಲ ಅತ್ತೆ ಆ ಗೆರೆ ತೋರಿಸುತ್ತಿದ್ದರು, ತಾವೇ ಕಂಡಂತೆ.

ಆಗ ನನಗೆ ಫಿಲ್ಮ್ ಕ್ಯಾಮೆರಾದ ಹುಚ್ಚು ಹತ್ತಿ ಆರು ತಿಂಗಳು. ಬುಧವಾರ, ಭಾನುವಾರ ಕೂಡುವ ಜೂನಾ ಬಝಾರಿನಲ್ಲಿ ಒಂದು ಪೆಂಟಾಕ್ಸ್ ಕೆ1000 ಕೊಂಡಿದ್ದೆ. 1976ರಿಂದ 1997ರವರೆಗೆ ತಯಾರಾದ ಮಾದರಿ. ಬ್ಯಾಟರಿ ಬೆಳಕು ಅಳೆಯುವ ಮುಳ್ಳಿಗೆ ಮಾತ್ರ, ಮಿಕ್ಕಿದ್ದೆಲ್ಲ ಸ್ಪ್ರಿಂಗು, ಹಲ್ಲಿನ ಚಕ್ರ. ಲಿವರ್ ಎಳೆದಾಗ ಬೆರಳಿಗೆ ತಾಗುವ ಬಿಗಿ, ಶಟರ್ ಬಿದ್ದಾಗಿನ ಗಟ್ಟಿ ಸದ್ದು, ಮೂವತ್ತಾರೇ ಚಿತ್ರ ಎಂಬ ಮಿತಿಯಿಂದ ಹುಟ್ಟುವ ಎಚ್ಚರ. ಇವನ್ನು ನಾನು ಈಗಲೂ ಅಷ್ಟೇ ಪ್ರೀತಿಸುತ್ತೇನೆ.

ಆದರೆ ಅಂದು ಆ ಪ್ರೀತಿಗೆ ಅಹಂಕಾರ ಬೆರೆತಿತ್ತು. ಬಾಡಿಗೆದಾರರೆಲ್ಲ ಚೌಕದಲ್ಲಿ ಕಡೆಯ ಊಟಕ್ಕೆ ಸೇರಿದ್ದರು. ಅತ್ತೆಯ ಮೊಮ್ಮಗಳು ಫೋನ್ ಎತ್ತಿದಳು. ನಾನು ಕೈ ಅಡ್ಡ ಹಿಡಿದೆ. ಫೋನಿನಲ್ಲಿ ತೆಗೆದದ್ದು ಉಳಿಯುವುದಿಲ್ಲ, ಫಿಲ್ಮ್ ಉಳಿಯುತ್ತದೆ, ಪ್ರಭಾತ್‌ನವರ 1936ರ 'ಸಂತ ತುಕಾರಾಮ್' ಇವತ್ತಿಗೂ ನೋಡಲು ಸಿಗುತ್ತಿಲ್ಲವೇ ಎಂದೆ. ಇದೇ ಊರಿನ ಫಿಲ್ಮ್ ಆರ್ಕೈವ್‌ನ ನೈಟ್ರೇಟ್ ಫಿಲ್ಮುಗಳಿಗೆ 2003ರ ಜನವರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ರೀಲು ಬೂದಿಯಾದದ್ದು ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ಎಲ್ಲರೂ ಫೋನ್ ಜೇಬಿಗೆ ಹಾಕಿದರು.

ರೀಲು ಹಾಕಿದ್ದು ಮೆಟ್ಟಿಲ ಕೆಳಗಿನ ಕತ್ತಲಲ್ಲಿ. ಫಿಲ್ಮಿನ ನಾಲಿಗೆಯನ್ನು ಸುರುಳಿಯ ಸೀಳಿಗೆ ಸಿಕ್ಕಿಸಿ, ಹಿಂಬಾಗಿಲು ತೆರೆದಿರುವಾಗಲೇ ಒಂದೆರಡು ಸಲ ಲಿವರ್ ಎಳೆದು, ಎರಡೂ ಅಂಚಿನ ತೂತುಗಳು ಹಲ್ಲಿಗೆ ಕೂತವೇ ಎಂದು ನೋಡಬೇಕು. ಹಾಗೆ ಮಾಡಿದರೆ ಒಂದು ಚಿತ್ರದಷ್ಟು ಫಿಲ್ಮ್ ಹೋಗುತ್ತದೆ. ಮೂವತ್ತೇಳನೆಯದೊಂದು ಸಿಗಲಿ ಎಂಬ ಆಸೆಗೆ ತುದಿಯನ್ನಷ್ಟೇ ಸಿಕ್ಕಿಸಿ ಮುಚ್ಚಿಬಿಟ್ಟೆ. ಮುಚ್ಚಿದ ಮೇಲೂ ಒಂದು ಗುರುತು ಇರುತ್ತದೆ: ಲಿವರ್ ಎಳೆದಾಗಲೆಲ್ಲ ಎಡಗಡೆಯ ಗುಂಡಿ ತಾನಾಗಿ ತಿರುಗಬೇಕು. ಅದು ತಿರುಗಿದರೆ ಒಳಗೆ ಫಿಲ್ಮ್ ಸಾಗುತ್ತಿದೆ ಎಂದರ್ಥ. ಆ ದಿನವಿಡೀ ನಾನು ಆ ಗುಂಡಿಯತ್ತ ಒಮ್ಮೆಯೂ ನೋಡಲಿಲ್ಲ.

ಒಂದೊಂದು ಚಿತ್ರಕ್ಕೂ ಬೆಳಕು ಅಳೆದೆ, ಜನರನ್ನು ಸರಿಸಿ ನಿಲ್ಲಿಸಿದೆ. "ಲಗೂ ತಗೀಯೋ, ಹೋಳಿಗಿ ಆರ್ತಾವ" ಎಂದು ಅತ್ತೆ ಕೂಗಿದರು. ಎಣಿಕೆಯ ಮುಳ್ಳು 36 ದಾಟಿದರೂ ಲಿವರ್ ಸರಾಗವಾಗಿ ಬಂತು. ಅದೃಷ್ಟವೆಂದುಕೊಂಡೆ. ಒಳಗೆ ಫಿಲ್ಮ್ ಇರಲಿ ಬಿಡಲಿ, ಆ ಮುಳ್ಳು ಮುಂದೆ ಹೋಗುತ್ತಲೇ ಇರುತ್ತದೆ.

ಪೇಠೆಯೊಳಗಿನ ಒಂದು ಹಳೆಯ ಸ್ಟುಡಿಯೋದಲ್ಲಿ ರೀಲು ತೊಳೆಯಲು ಕೊಟ್ಟೆ. ನಾಲ್ಕು ದಿನ ಬಿಟ್ಟು ಹೋದಾಗ ಸ್ಟುಡಿಯೋದ ಕಾಕಾ ಏನೂ ಹೇಳದೆ ನೆಗೆಟಿವ್ ಮುಂದಿಟ್ಟರು. ಈ ತುದಿಯಿಂದ ಆ ತುದಿಯವರೆಗೆ ಗಾಜಿನಂತೆ ಖಾಲಿ. ನಾನು ಕೂಗಾಡಿದೆ. ಹಳಸಿದ ಡೆವಲಪರ್ ಹಾಕಿದ್ದೀರಿ, ಒಂದು ಮನೆಯ ನೆನಪನ್ನೇ ತೊಳೆದುಹಾಕಿದಿರಿ ಎಂದೆ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೀಲುಗಳ ಕಾಲದಿಂದ ಕತ್ತಲ ಕೋಣೆಯಲ್ಲಿ ಕೆಲಸ ಮಾಡಿದ ಮನುಷ್ಯ ಅವರು. ನನ್ನಿಂದ ದುಡ್ಡು ತೆಗೆದುಕೊಳ್ಳದೆ ಬೇರೆ ಗಿರಾಕಿಯತ್ತ ತಿರುಗಿದರು.

ವಾರದ ಮೇಲೆ ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಪುಟ್ಟ ಅಕ್ಷರಗಳು ಕಂಡವು: ಕೊಡಾಕ್ 400ಟಿಎಕ್ಸ್, ಅದರ ಪಕ್ಕ ಚಿತ್ರದ ಸಂಖ್ಯೆಗಳು, ಅಚ್ಚ ಕಪ್ಪಾಗಿ. ಇವನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ಡೆವಲಪರ್ ಕೆಲಸ ಮಾಡಿದರೆ ಮಾತ್ರ ಅವು ಕಾಣುತ್ತವೆ. ರೀಲು ಹಾಕುವಾಗ ಬೆಳಕು ತಾಗಿದ ನಾಲಿಗೆಯ ತುದಿಯೂ ಕಪ್ಪಾಗಿತ್ತು. ತೊಳೆದವರ ಕೈ ಸರಿಯಾಗಿತ್ತು. ಮಿಕ್ಕ ಫಿಲ್ಮಿಗೆ ಬೆಳಕು ತಲುಪಿಯೇ ಇರಲಿಲ್ಲ.

ಅಂಗಡಿಗೆ ಹೋಗಿ ಆ ಅಂಚನ್ನು ತೋರಿಸಿ ಕ್ಷಮೆ ಕೇಳಿದೆ. "ಅವತ್ತೇ ಹೇಳುತ್ತಿದ್ದೆ, ನೀನು ಕೇಳುವ ಹಾಗಿರಲಿಲ್ಲ" ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಆಮೇಲೆ ಹಳೆಯ ರೀಲೊಂದನ್ನು ನನ್ನ ಕ್ಯಾಮೆರಾಕ್ಕೆ ಹಾಕಿ, ಸಡಿಲವನ್ನು ಬಿಗಿ ಮಾಡಿ, ನನ್ನ ಹೆಬ್ಬೆರಳನ್ನು ಎಡಗಡೆಯ ಗುಂಡಿಯ ಮೇಲಿಟ್ಟು ಲಿವರ್ ಎಳೆದರು. ಅದು ಬೆರಳಡಿ ಹೊರಳಿತು.

ಅತ್ತೆಗೆ ಹೇಳಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವರು ಧಾಯರಿಯ ಫ್ಲ್ಯಾಟಿಗೆ ಹೋಗಿದ್ದರು, ವಾಡೆ ನೆಲಸಮವಾಗಿತ್ತು. ನನ್ನ ಬಳಿ ಉಳಿದದ್ದು ಒಂದು ಟಿಪ್ಪಣಿ ಪುಸ್ತಕ. ಪ್ರತಿ ಚಿತ್ರದ ಸಂಖ್ಯೆ, ವಿಷಯ, ಅಪರ್ಚರ್, ವೇಗ ಬರೆದಿಟ್ಟದ್ದು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದರಾಗ ಏನೇನ್ ಬರದೀ, ಓದು" ಎಂದರು.

ಪಾನಶೆತ್ ಗೆರೆ, ತುಳಸಿಕಟ್ಟೆ, ಅಡುಗೆಮನೆಯ ಗವಾಕ್ಷಿ ಓದಿದೆ. "11, ಜೋಕಾಲಿ, ಅತ್ತೆ, ಎಫ್ 2.8, 1/60."

"ನಾ ಒಬ್ಬಾಕೀನ ಇದ್ದಿಲ್ಲ. ಬಾಜೂ ಮನಿ ಆಜೀನೂ ಕೂತಿದ್ಲು, ನನ್ನ ಕೈ ಹಿಡಕೊಂಡು. ಬರಕೋ."

ಬೆಳಕಿನ ಮುಳ್ಳು ನಡುವೆ ನಿಂತದ್ದು ನನಗೆ ನೆನಪಿತ್ತು, ಆಜಿಯ ನೆನಪಿರಲಿಲ್ಲ. ಬರೆದುಕೊಂಡೆ.

"ಹನ್ನೆರಡು ಓದು" ಎಂದರು ಅತ್ತೆ.